ಅಡ್ಡಾಡುವ ವಿದ್ಯೆ

ಸಪ್ತಾಪುರದಲ್ಲಿ ಸ್ವಂತ ಮನೆ ಇದ್ದು, ಅದರ ಮೇಲೊಂದು ಮಹಡಿಯೂ ಇದ್ದರೆ ಮುಪ್ಪಿನಲ್ಲಿ ಎರಡು ಪಿಂಚಣಿ ಬರುತ್ತವೆ. ಒಂದನ್ನು ಸರಕಾರ ಕೊಡುತ್ತದೆ. ಇನ್ನೊಂದನ್ನು, ಸರಕಾರಿ ನೌಕರಿ ಬೇಕೆಂದು ಊರು ಬಿಟ್ಟು ಬಂದ ಹುಡುಗರು ಕೊಡುತ್ತಾರೆ. ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ನನಗೆ ಎರಡೂ ಬರುತ್ತವೆ. ಸರಕಾರದ್ದು ತಿಂಗಳಾದ ಮೇಲೆ, ಹುಡುಗರದ್ದು ಊರಿಂದ ದುಡ್ಡು ಬಂದ ಮೇಲೆ.

ಪೇಡೆಗಾಗಿ ಧಾರವಾಡಕ್ಕೆ ಬರುವವರು ಲೈನ್ ಬಜಾರಿನಲ್ಲಿ ಪಾಳಿ ಹಚ್ಚಿ, ಡಬ್ಬಿ ಕಟ್ಟಿಸಿಕೊಂಡು ಹಾಗೇ ಹೋಗಿಬಿಡುತ್ತಾರೆ. ಸಪ್ತಾಪುರ ಅವರ ಕಣ್ಣಿಗೆ ಬೀಳುವುದಿಲ್ಲ. ಒಂದು ಕಾಲಕ್ಕೆ ಇಲ್ಲಿ ಪ್ರೊಫೆಸರರ ಮನೆಗಳು, ಅವುಗಳ ಸುತ್ತ ಪೇರಲ ಗಿಡಗಳು ಇದ್ದವು. ಈಗ ಗಿಡಗಳ ಜಾಗದಲ್ಲಿ ಬೋರ್ಡುಗಳು. ಬೋರ್ಡಿನ ತುಂಬ ಪಾಸಾದವರ ಮುಖಗಳು. ಒಂದೇ ಮುಖ ಮೂರು ಕೋಚಿಂಗ್ ಸೆಂಟರುಗಳ ಬೋರ್ಡಿನಲ್ಲಿ ನಗುತ್ತಿರುವುದೂ ಉಂಟು. ವಿಜಯಪುರ, ಯಾದಗಿರಿ, ಕೊಪ್ಪಳ, ರಾಯಚೂರು ಕಡೆಯ ಹುಡುಗ ಹುಡುಗಿಯರು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಊರಿನ ಕಟಕ ರೊಟ್ಟಿಯ ಗಂಟು ಹಿಡಿದು ಇಲ್ಲಿ ಬಸ್ಸಿನಿಂದ ಇಳಿಯುತ್ತಾರೆ. ಖಾನಾವಳಿಗೆ ತಿಂಗಳ ದುಡ್ಡು ಮುಂಗಡ. 'ಲೈಬ್ರರಿ' ಎಂದು ಬರೆದ ಕಡೆ ಪುಸ್ತಕ ಹುಡುಕಬೇಡಿ. ಅಲ್ಲಿ ಇರುವುದು ಖುರ್ಚಿ, ಪ್ಲೈವುಡ್ಡಿನ ಅಡ್ಡಗೋಡೆ, ಮೊಬೈಲ್ ಚಾರ್ಜ್ ಮಾಡಲು ಒಂದು ಪ್ಲಗ್ಗು. ಕೂತು ಓದಲು ಜಾಗ ಬಾಡಿಗೆಗೆ. ಪುಸ್ತಕ ಅವರವರದೇ.

ನಮ್ಮ ಮೇಲಿನ ಕೋಣೆಯಲ್ಲಿರುವವನು ಸಿಂದಗಿ ತಾಲೂಕಿನ ಹುಡುಗ. ಗೋಡೆಗೆ ಟೈಮ್‌ಟೇಬಲ್ ಅಂಟಿಸಿದ್ದಾನೆ. ನಸುಕಿನ ನಾಲ್ಕೂವರೆಯಿಂದ ರಾತ್ರಿ ಹನ್ನೊಂದರವರೆಗೆ ಅದರಲ್ಲಿ ಒಂದು ಬಿರುಕಿಲ್ಲ. ಊಟಕ್ಕೆ ಇಪ್ಪತ್ತು ನಿಮಿಷ. ಹಲ್ಲುಜ್ಜುವಾಗ ಕಿವಿಯಲ್ಲಿ ಕರೆಂಟ್ ಅಫೇರ್ಸ್. ಪಿಎಸ್‌ಐ ಆಗಬೇಕಾದ್ದರಿಂದ ನಸುಕಿನಲ್ಲಿ ಮೈದಾನಕ್ಕೆ ಹೋಗಿ ಓಡುತ್ತಾನೆ. ಓಡುವಾಗ ರಾಜ್ಯಾಂಗದ ವಿಧಿಗಳನ್ನು ಬಾಯಲ್ಲೇ ಉರು ಹಾಕುತ್ತಾನಂತೆ. ಒಂದು ದಿನವನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡವರನ್ನು ನಾನು ನೋಡಿಲ್ಲ. ಹಿಡಿದ ಮುಷ್ಟಿ ಬಿಚ್ಚಿ ನೋಡಿದರೆ ಒಳಗೆ ಇವತ್ತು ಎಂಬುದು ಮಾತ್ರ ಇರುವುದಿಲ್ಲ. ನೋಟಿಫಿಕೇಶನ್ ಯಾವಾಗ, ಕಟಾಫ್ ಎಷ್ಟು, ಏಜ್ ಬಾರ್ ಆಗಲು ಇನ್ನೆಷ್ಟು ವರ್ಷ, ಇವೇ ಇರುತ್ತವೆ.

ಓಣಿಯ ಮೂಲೆಯ ಒಂದು ಕೋಚಿಂಗ್ ಸೆಂಟರಿನವರು ಆಗಾಗ ಪುಕ್ಕಟೆ ಮೋಟಿವೇಶನ್ ಕ್ಲಾಸು ಇಡುತ್ತಾರೆ. 'ನೀವೂ ಬರ್ರಿ ಸರ' ಎಂದು ಹುಡುಗ ಕರೆದ, ಹೋದೆ. ಕೋಟು ಹಾಕಿದ ತರುಣರೊಬ್ಬರು ವೇದಿಕೆಯ ಆ ತುದಿಯಿಂದ ಈ ತುದಿಗೆ ಓಡಾಡುತ್ತ, ಇವತ್ತೇ ಬದುಕಿ, ನಿಮ್ಮ ತಲೆಯಿಂದಲೇ ವಿಚಾರ ಮಾಡಿ ಎಂದು ಕೂಗಿ ಹೇಳಿದರು. ಮುನ್ನೂರು ಹುಡುಗರು ನೋಟ್‌ಬುಕ್ಕು ತೆಗೆದು 'ನಮ್ಮ ತಲೆಯಿಂದಲೇ ವಿಚಾರ ಮಾಡಬೇಕು' ಎಂದು ಬರೆದುಕೊಂಡು ಕೆಳಗೆ ಗೆರೆ ಎಳೆದರು. ಆಮೇಲೆ ಪರದೆಯ ಮೇಲೆ ಒಂದು ಇಂಗ್ಲಿಷ್ ಸಿನಿಮಾದ ತುಣುಕು: 1989ರ 'ಡೆಡ್ ಪೊಯೆಟ್ಸ್ ಸೊಸೈಟಿ'. ಕವಿತೆಯನ್ನು ಗೆರೆ ಎಳೆದು ಅಳೆಯುವುದು ಹೇಗೆಂದು ಹೇಳುವ ಪಠ್ಯಪುಸ್ತಕದ ಪೀಠಿಕೆಯನ್ನು ಹರಿದು ಹಾಕಿ ಎಂದು ಮೇಷ್ಟ್ರು ಹುಡುಗರಿಗೆ ಹೇಳುತ್ತಾರೆ, ಹುಡುಗರು ಹರಿಯುತ್ತಾರೆ. ಸಭಾಂಗಣದ ತುಂಬ ಚಪ್ಪಾಳೆ. ನನಗೆ ಆ ದೃಶ್ಯ ಯಾವತ್ತೂ ಪೂರ್ತಿ ರುಚಿಸಿಲ್ಲ. ಓದಿ ಎಂದಾಗ ಓದಿದವರು, ಹರಿಯಿರಿ ಎಂದಾಗ ಹರಿದರು. ಇದರಲ್ಲಿ ಹುಡುಗರ ಸ್ವಂತದ್ದು ಏನು ಬಂತು? 'ಮೊದಲು ಓದ್ತೀನ್ರಿ ಸರ, ಆಮ್ಯಾಲೆ ಹರಿಯೂದೋ ಬ್ಯಾಡೋ ನೋಡ್ತೀನಿ' ಎಂದು ಒಬ್ಬನಾದರೂ ಎದ್ದು ನಿಂತಿದ್ದರೆ ನಾನೂ ಚಪ್ಪಾಳೆ ಹೊಡೆಯುತ್ತಿದ್ದೆ.

ನಾನು ಓದುತ್ತಿದ್ದ ಕಾಲದಲ್ಲಿ, ಅಂದರೆ ಎಪ್ಪತ್ತರ ದಶಕದ ಕೊನೆಗೆ, ನಮಗೆ ಯಾರೂ ಮೋಟಿವೇಶನ್ ಕೊಡಲಿಲ್ಲ. ಕೊಡುವಷ್ಟು ಆಸೆ ನಮ್ಮ ಮೇಲೆ ಯಾರಿಗೂ ಇರಲಿಲ್ಲ. ಆದರೆ ದಿನದಲ್ಲಿ ಒಂದು ಹೊತ್ತು ಖಾಯಂ ಇತ್ತು: ಸಂಜೆ ಐದೂವರೆಗೆ ಅಡ್ಡಾಡಲು ಹೋಗುವುದು. ಕಾಲೇಜಿನ ಕಡೆಯಿಂದ ಹೊರಟರೆ ಒಂದು ದಿನ ಸಾಧನಕೇರಿ, ಒಂದು ದಿನ ಕೆಲಗೇರಿ ಕೆರೆ, ಒಂದು ದಿನ ಯುನಿವರ್ಸಿಟಿಯ ಗುಡ್ಡ, ಶನಿವಾರ ನುಗ್ಗಿಕೇರಿ ಹನುಮಪ್ಪ. ದೇವರಿಗೆ ಕೈ ಮುಗಿಯುವುದು ಅರ್ಧ ನಿಮಿಷದ ಕೆಲಸ. ದೇವರು ಇದ್ದಾನೋ ಇಲ್ಲವೋ ಎಂಬ ವಾದ ಹೋಗುತ್ತ ಬರುತ್ತ ಎರಡು ತಾಸು. ಯಾರೂ ಗಡಿಯಾರ ನೋಡುತ್ತಿರಲಿಲ್ಲ, ಬಹಳ ಮಂದಿಗೆ ಗಡಿಯಾರವೇ ಇರಲಿಲ್ಲ. ಇಬ್ಬರಾದರೆ ಜಗಳ, ಮೂವರಾದರೆ ಪತ್ರಿಕೆ ಎಂದು ನಮ್ಮಲ್ಲಿ ಚೇಷ್ಟೆ ಮಾಡುತ್ತಿದ್ದರು. ಚಂದ್ರಶೇಖರ ಪಾಟೀಲ, ಸಿದ್ಧಲಿಂಗ ಪಟ್ಟಣಶೆಟ್ಟಿ, ಗಿರಡ್ಡಿ ಗೋವಿಂದರಾಜ ಎಂಬ ಮೂವರು ತರುಣರು ಸೇರಿ 1964ರಲ್ಲಿ 'ಸಂಕ್ರಮಣ' ಹೊರಡಿಸಿದ ಊರಿದು, ಆ ಚೇಷ್ಟೆಗೆ ಆಧಾರ ಇತ್ತು.

ಹೊತ್ತು ಹಾಳು ಮಾಡುವ ಈ ವಿದ್ಯೆಗೆ ಧಾರವಾಡದಲ್ಲಿ ದೊಡ್ಡ ಮನೆತನವಿದೆ. 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಸೇರಿದ ಗೆಳೆಯರ ಗುಂಪಿಗೆ ಫೀ ಇರಲಿಲ್ಲ, ಪಠ್ಯಕ್ರಮ ಇರಲಿಲ್ಲ. ಶಂಬಾ ಜೋಶಿ, ಬೆಟಗೇರಿ ಕೃಷ್ಣಶರ್ಮ, ರಂ.ಶ್ರೀ. ಮುಗಳಿ, ವಿನಾಯಕ ಕೃಷ್ಣ ಗೋಕಾಕ ಎಲ್ಲರೂ ಅದರೊಳಗೆ ಬಂದವರು. ಗೋಕಾಕರು ಆಗ ಕರ್ನಾಟಕ ಕಾಲೇಜಿನ ವಿದ್ಯಾರ್ಥಿ, ಕವಿತೆ ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಅವರನ್ನು ಕನ್ನಡಕ್ಕೆ ತಿರುಗಿಸಿದ್ದು ಕ್ಲಾಸಿನ ಯಾವ ಪ್ರಾಧ್ಯಾಪಕರೂ ಅಲ್ಲ, ಹೊರಗೆ ಸಿಕ್ಕ ಬೇಂದ್ರೆ. ಮುಂದೆ ಗೋಕಾಕರು ಆಕ್ಸ್‌ಫರ್ಡಿಗೆ ಹೋದರು, ಅದೇ ಕರ್ನಾಟಕ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಬಂದರು, ಜ್ಞಾನಪೀಠವನ್ನೂ ಪಡೆದರು. ಅವರ ಹೆಸರಿನ ವರದಿಗಾಗಿ ನಾಡೇ ಬೀದಿಗಿಳಿಯಿತು. ಇದಕ್ಕೆಲ್ಲ ಸಂಜೆಯ ಮಾತುಗಳೇ ಕಾರಣ ಎಂದು ನಾನು ಹೇಳಲಾರೆ. ಆ ಸಂಜೆಗಳು ಟೈಮ್‌ಟೇಬಲ್ಲಿನಲ್ಲಿ ಇರಲಿಲ್ಲ ಎಂದಷ್ಟೇ ಹೇಳಬಲ್ಲೆ.

ಶಂಬಾ ಅವರ ಕಥೆ ಇನ್ನೂ ಸ್ವಾರಸ್ಯದ್ದು. ಬೇಂದ್ರೆಯವರು ಹುಟ್ಟಿದ 1896ರಲ್ಲೇ ಹುಟ್ಟಿದವರು. ಕಾಲೇಜಿನ ಪದವಿ ಇಲ್ಲ. ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರಿಕೆ. ಇಂದಿನ ಅರ್ಜಿ ಫಾರ್ಮಿನಲ್ಲಾದರೆ 'ಕನಿಷ್ಠ ವಿದ್ಯಾರ್ಹತೆ' ಎಂಬ ಸಾಲಿನಲ್ಲೇ ನಿಂತುಬಿಡುತ್ತಿದ್ದರು. ಅವರಿಗೆ ಕಾಡಿದ್ದು ಕನ್ನಡಿಗ ಎಂಬವನು ಯಾರು, ಎಲ್ಲಿಂದ ಬಂದ ಎಂಬ ಪ್ರಶ್ನೆ. ಆಗಿನ ಪಂಡಿತರು ಅದನ್ನು ಶಾಸನದಲ್ಲಿ, ಕಾವ್ಯದಲ್ಲಿ ಹುಡುಕುತ್ತಿದ್ದರೆ ಶಂಬಾ ಊರಿನ ಹೆಸರುಗಳಲ್ಲಿ, ದೇವರುಗಳಲ್ಲಿ, ಹಬ್ಬಗಳಲ್ಲಿ, ಜನರ ಆಚರಣೆಗಳಲ್ಲಿ ಹುಡುಕಿದರು. ಹಾದಿಯಲ್ಲಿ ಹೋಗುವ ಯಾರ ಕಣ್ಣಿಗಾದರೂ ಬೀಳುವ ಸಾಮಗ್ರಿ ಅದು. ಬಿದ್ದದ್ದು ಅವರ ಕಣ್ಣಿಗೆ. ಮರಾಠಿ ಸಂಸ್ಕೃತಿಯ ಬೇರು ಕನ್ನಡದಲ್ಲಿದೆ ಎಂದು ಮರಾಠಿಯಲ್ಲೇ ಪುಸ್ತಕ ಬರೆದು ಮರಾಠಿಗರಿಗೇ ಹೇಳಿದರು. ಎಂಥ ಎದೆಗಾರಿಕೆ ನೋಡಿ. ಕಾಗುಣಿತದಲ್ಲೂ ತಮ್ಮದೇ ಹಾದಿ, 'ಕಂನುಡಿ' ಎಂದು ಬರೆಯುವವರು. ಅವರ ತೀರ್ಮಾನಗಳನ್ನೆಲ್ಲ ಇವತ್ತಿನ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. 'ಕರ್ನಾಟಕ ಸಂಸ್ಕೃತಿಯ ಪೂರ್ವ ಪೀಠಿಕೆ'ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 1981ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು.

ಒಂದು ದಿನ ಮೇಲಿನ ಹುಡುಗನಿಗೆ ಕೇಳಿದೆ: 'ಶಂಬಾ ಜೋಶಿ ಗೊತ್ತೇನಪಾ?'

'ಗೊತ್ತ್ರಿ ಸರ. ಕರ್ನಾಟಕ ಸಂಸ್ಕೃತಿಯ ಪೂರ್ವ ಪೀಠಿಕೆ. ಎಪ್ಪತ್ತನೇ ಇಸ್ವಿ. ಆಪ್ಷನ್‌ದಾಗ ಬೇಂದ್ರೆ, ಗೋಕಾಕ, ಆಲೂರ ವೆಂಕಟರಾಯರನ್ನ ಕೊಟ್ಟು ದಾರಿ ತಪ್ಪಸ್ತಾರ್ರಿ.' ಉಸಿರು ಬಿಡದೆ ಹೇಳಿದ.

'ಪುಸ್ತಕದಾಗ ಏನೈತಿ?'

ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. 'ಒಳಗ ಏನೈತಿ ಅಂತ ಕೇಳಂಗಿಲ್ರೀ ಸರ' ಎಂದ.

ಕೇಳುವುದಿಲ್ಲ, ನಿಜ. ನಾಲ್ಕು ಉತ್ತರ ಮುಂದಿಟ್ಟು ಒಂದನ್ನು ಆರಿಸು ಎನ್ನುವ ಪರೀಕ್ಷೆಯಲ್ಲಿ ಐದನೆಯದೊಂದು ಹೊಳೆದವನಿಗೆ ಅಂಕವಿಲ್ಲ. ಕೆಎಎಸ್ ಪ್ರಿಲಿಮ್ಸಿನಲ್ಲಿ ತಪ್ಪು ಉತ್ತರಕ್ಕೆ ಕಾಲು ಭಾಗ ಕತ್ತರಿಯೂ ಉಂಟು. ಗೊತ್ತಿಲ್ಲದಿದ್ದರೆ ಬಿಟ್ಟುಬಿಡು, ಊಹೆ ಮಾಡಬೇಡ, ಧೈರ್ಯ ಮಾಡಬೇಡ ಎಂದು ಇವರಿಗೆ ವರ್ಷಗಟ್ಟಲೆ ತಾಲೀಮು ಕೊಡುತ್ತಾರೆ. ಪರೀಕ್ಷೆಗೆ ಅದು ಸರಿಯಾದ ತಾಲೀಮೇ. ಸಂಜೆಯ ಮಾತಿಗೂ ಅದೇ ತಾಲೀಮು ಹಬ್ಬಿಬಿಟ್ಟರೆ ಏನು ಗತಿ ಎಂಬುದು ನನ್ನ ಚಿಂತೆ. ಈಗಂತೂ ಏನಾದರೂ ಕೇಳಿದರೆ ಹುಡುಗರು ಒಂದು ಕ್ಷಣ ತಡೆಯುತ್ತಾರೆ. ಮನಸ್ಸಿನಲ್ಲೇ ಕಾಲು ಅಂಕದ ಲೆಕ್ಕ ನಡೆದಿರುತ್ತದೆ.

ಹಾಗೆಂದು ಅಂಕಕ್ಕೂ ವಿಚಾರಕ್ಕೂ ಹಗೆತನ ಎಂದು ಸಾಧಿಸಲು ಹೊರಟರೆ ಧಾರವಾಡದಲ್ಲೇ ಅದಕ್ಕೆ ಉಲ್ಟಾ ಸಾಕ್ಷಿ ಇದೆ. ಗಿರೀಶ ಕಾರ್ನಾಡರು ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ತೆಗೆದುಕೊಂಡದ್ದು ಆ ವಿಷಯಗಳ ಮೇಲಿನ ಪ್ರೀತಿಗಲ್ಲ. ಗಣಿತದಲ್ಲಿ ಅಂಕ ಚೆನ್ನಾಗಿ ಬರುತ್ತವೆ, ಅಂಕ ಬಂದರೆ ಸ್ಕಾಲರ್‌ಶಿಪ್ ಸಿಗುತ್ತದೆ, ಸ್ಕಾಲರ್‌ಶಿಪ್ ಸಿಕ್ಕರೆ ವಿಲಾಯತಿಗೆ ಹೋಗಬಹುದು ಎಂಬ ಪಕ್ಕಾ ಲೆಕ್ಕ. 1958ರಲ್ಲಿ ಬಿ.ಎ. ಆಯಿತು, 1960ರಲ್ಲಿ ರೋಡ್ಸ್ ಸ್ಕಾಲರ್ ಆಗಿ ಆಕ್ಸ್‌ಫರ್ಡಿಗೆ ಹೊರಟರು. ಸಪ್ತಾಪುರದ ಯಾವ ಕೋಚಿಂಗ್ ಸೆಂಟರೂ ಬೋರ್ಡಿಗೆ ಹಾಕಿಕೊಳ್ಳಬೇಕಾದ ಮುಖ. ಆದರೆ ಈ ಲೆಕ್ಕಾಚಾರದ ಹುಡುಗನಿಗೆ ಸಂಜೆಯೂ ಒಂದಿತ್ತು. ಸುಭಾಸ ರಸ್ತೆಯಲ್ಲಿ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆಯ ಅಟ್ಟ ಇತ್ತು. ಅದರ ಮೆಟ್ಟಿಲು ಹತ್ತಿದರೆ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಸಿಗುತ್ತಿದ್ದರು. ಇಂಗ್ಲಿಷ್ ಕವಿಯಾಗುವ ಕನಸು ಕಟ್ಟಿಕೊಂಡಿದ್ದವರ ಕೈಯಿಂದ ಊರು ಬಿಡುವ ಹೊತ್ತಿಗೆ ಹುಟ್ಟಿದ್ದು ಕನ್ನಡ ನಾಟಕ, 'ಯಯಾತಿ'. 1961ರಲ್ಲಿ ಅಟ್ಟದವರೇ ಅದನ್ನು ಅಚ್ಚು ಹಾಕಿದರು. ಮಗನ ಯೌವನವನ್ನು ತಂದೆ ಕೇಳಿ ಪಡೆಯುವ ಆ ಕಥೆಯನ್ನು ಎತ್ತಿಕೊಳ್ಳಲು, ಹೊರಟು ನಿಂತ ಮಗನ ಮೇಲೆ ಮನೆಯವರು ಹೇರುವ ನಿರೀಕ್ಷೆಗಳೂ ಒಂದು ಕಾರಣ ಎಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ನಾನೂ ಆ ಅಟ್ಟ ಹತ್ತಿದವನೇ. ನನ್ನಿಂದ ನಾಟಕ ಹುಟ್ಟಲಿಲ್ಲ. ಹಿರಿಯರ ಎದುರು ಕೂತು 'ಅದು ಹಂಗಲ್ರಿ' ಎನ್ನಲು ಕಲಿತೆ, ಅದೇನು ಕಡಿಮೆಯದಲ್ಲ.

ಇನ್ನು ಹುಬ್ಬಳ್ಳಿಯವರು ಸುಮ್ಮನೆ ಕೂಡುವುದಿಲ್ಲ, ನಮ್ಮದೂ ಹೇಳಿ ಎನ್ನುತ್ತಾರೆ. ಹೇಳಿದರೆ ಕುಂದಗೋಳದ ಹಾದಿ ಹಿಡಿಯಬೇಕು. ಗದಗಿನ ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿದರು. ಅನ್ನಕ್ಕೆ ತುಪ್ಪ ಸಾಲದೆಂಬ ಜಗಳ ನೆವವಾಯಿತು ಎಂದು ಹೇಳುತ್ತಾರೆ. ಒಳಗೆ ಹೊತ್ತಿಕೊಂಡದ್ದು ಅಬ್ದುಲ್ ಕರೀಂ ಖಾನರ ಗ್ರಾಮೊಫೋನ್ ಪ್ಲೇಟು. ಗ್ವಾಲಿಯರ್ ಸುತ್ತಿ ಜಲಂಧರ ಮುಟ್ಟಿದಾಗ, ನಿಮ್ಮ ಊರಿನ ಬಗಲಲ್ಲೇ ಸವಾಯಿ ಗಂಧರ್ವರಿದ್ದಾರೆ, ತಿರುಗಿ ಹೋಗು ಎಂದು ವಿನಾಯಕರಾವ ಪಟವರ್ಧನರು ಕಳಿಸಿದರಂತೆ. ತಿರುಗಿ ಬಂದು ಕುಂದಗೋಳದಲ್ಲಿ ನೀರು ಹೊತ್ತು, ಗುರುಗಳ ಮನೆಗೆಲಸ ಮಾಡಿ ವರ್ಷಗಟ್ಟಲೆ ಕಲಿತರು. ಮೋಟಿವೇಶನ್ ಕ್ಲಾಸಿನವರಿಗೆ ಈ ಕಥೆಯ ಮೊದಲರ್ಧ ಬಹಳ ಇಷ್ಟ, ಓಡಿದ ಭಾಗ. ನೀರು ಹೊತ್ತ ಭಾಗ ಬರುವಷ್ಟರಲ್ಲಿ ಅವರ ಟೈಮು ಮುಗಿದಿರುತ್ತದೆ. ಗದಗ ಸ್ಟೇಶನ್ನಿನಲ್ಲಿ ಟಿಕೆಟ್ಟಿಲ್ಲದೆ ರೈಲು ಹತ್ತಿದ ಬೇರೆ ಹುಡುಗರೂ ಇದ್ದಿರಬೇಕು. ಅವರ ಹೆಸರಿನಲ್ಲಿ ಸಂಗೀತೋತ್ಸವ ನಡೆಯುವುದಿಲ್ಲವಾದ್ದರಿಂದ ಅವರ ಸುದ್ದಿ ನಮಗೆ ಗೊತ್ತಿಲ್ಲ.

ಅದೇ ಗುರುವಿನ ಬಳಿಗೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಕಲಿತವರು ಗಂಗೂಬಾಯಿ ಹಾನಗಲ್. ಅವರ ಶಾಲೆಯ ಓದು ಐದನೇ ಇಯತ್ತೆಗೆ ನಿಂತಿತ್ತು. ಹಾಡುವ ಹೆಣ್ಣುಮಗಳು ರಸ್ತೆಯಲ್ಲಿ ನಡೆದರೆ ಜನ ಹೇಗೆ ಆಡಿಕೊಳ್ಳುತ್ತಿದ್ದರು ಎಂಬುದನ್ನು ಅವರೇ ಹೇಳಿಕೊಂಡಿದ್ದಾರೆ. ಇಂದು ಮೈಸೂರಿನಲ್ಲಿ ಅವರ ಹೆಸರಿನಲ್ಲಿ ವಿಶ್ವವಿದ್ಯಾಲಯವೇ ಇದೆ. ಅವರನ್ನು ನೆನೆದಾಗಲೆಲ್ಲ ನಮ್ಮ ಅಡ್ಡಾಟದ ಬಗ್ಗೆ ನನಗೆ ಒಂದು ಸಂಶಯ ಏಳುತ್ತದೆ. ಕೆಲಗೇರಿ ಕೆರೆಯ ದಂಡೆಯಲ್ಲಿ, ಅಟ್ಟದಲ್ಲಿ, ಯುನಿವರ್ಸಿಟಿ ಗುಡ್ಡದಲ್ಲಿ ನಮ್ಮೊಡನೆ ವಾದಕ್ಕೆ ಹುಡುಗಿಯರು ಎಷ್ಟು ಮಂದಿ ಇದ್ದರು? ನಮ್ಮ ಸಂಜೆ ಶುರುವಾಗುವ ಹೊತ್ತಿಗೆ ಅವರ ಹಾಸ್ಟೆಲಿನ ಗೇಟು ಮುಚ್ಚುತ್ತಿತ್ತು. ಅವರ ಪಾಲಿಗೆ ದಿನ ಅಲ್ಲಿಗೇ ಮುಗಿಯುತ್ತಿತ್ತು.

ಈ ಕಥೆಗಳನ್ನೆಲ್ಲ ಮೇಲಿನ ಹುಡುಗನಿಗೆ ಹೇಳಿ, 'ಸಂಜೀಮುಂದ ಒಂದು ತಾಸು ನನ್ನ ಕೂಡ ಅಡ್ಡಾಡಾಕ ಬಾ' ಎಂದೆ. ಅವನು ಮರ್ಯಾದೆಯಿಂದಲೇ ನಕ್ಕ.

'ಸರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಬಾಡಿಗಿ, ಖಾನಾವಳಿ, ಲೈಬ್ರರಿ, ಕ್ಲಾಸಿನ ಫೀ ಎಲ್ಲಾ ಕೂಡಿಸಿ ಒಂದ ತಾಸಿಗೆ ಎಷ್ಟು ಬೀಳತೈತಿ ಅಂತ ನಾ ಲೆಕ್ಕಾ ಹಾಕೀನ್ರಿ. ನಮ್ಮಪ್ಪ ತೊಗರಿ ಮಾರಿ ಕಳಸ್ತಾನ್ರಿ. ಈ ವರ್ಷ ತೊಗರೀನೂ ಕೈ ಕೊಟ್ಟೈತ್ರಿ.'

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಅಡ್ಡಾಡುವವನ ಊಟ ಯಾರೋ ಬೇಯಿಸಿಟ್ಟಿರುತ್ತಾರೆ, ಅವನ ಫೀ ಯಾರೋ ಕಟ್ಟಿರುತ್ತಾರೆ. ಬೇಂದ್ರೆಯವರು ಶ್ರೀಮಂತರಾಗಿರಲಿಲ್ಲ, ಶಂಬಾ ಅಂತೂ ಬಡತನದಲ್ಲೇ ಬೆಳೆದವರು ಎಂದು ವಾದಿಸಬಹುದಿತ್ತು. ತೊಗರಿಯ ಲೆಕ್ಕದ ಎದುರು ಆ ವಾದ ಹೂಡಲು ಬಾಯಿ ಬರಲಿಲ್ಲ.

ಈ ಹುಡುಗರ ದಿನಗಳು ಅವರ ಕೈಯಲ್ಲೇ ಇವೆ ಎಂದೂ ತಿಳಿಯಬೇಡಿ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಬರೆದರು. ಖಾಲಿ ಬಿಟ್ಟ ಓಎಂಆರ್ ಹಾಳೆಗಳನ್ನು ಆಮೇಲೆ ತುಂಬಿಸಿದ, ಬ್ಲೂಟೂತ್‌ನಲ್ಲಿ ಉತ್ತರ ಹೇಳಿಕೊಟ್ಟ ಹಗರಣ ಹೊರಬಿದ್ದು 2022ರ ಏಪ್ರಿಲ್‌ನಲ್ಲಿ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ನಡುವಿನ ಎರಡೂಕಾಲು ವರ್ಷ ಸಪ್ತಾಪುರದ ಕೋಣೆಗಳಲ್ಲಿ ಹುಡುಗರು ಅದೇ ಪುಸ್ತಕವನ್ನು ಮತ್ತೆ ಮತ್ತೆ ಓದಿದರು, ಅದೇ ಮೈದಾನದಲ್ಲಿ ಓಡಿದರು, ಒಂದೊಂದೇ ವರ್ಷ ದೊಡ್ಡವರಾದರು. ಕೆಲವರ ಮದುವೆ ಮುಂದೆ ಹೋಯಿತು, ಕೆಲವರ ತಂಗಿಯರ ಮದುವೆ ಮೊದಲಾಯಿತು. ಯಯಾತಿಗೆ ಒಬ್ಬ ಮಗನ ಯೌವನ ಸಾಕಾಗಿತ್ತು. ನಮ್ಮ ಸರಕಾರಗಳ ಹಸಿವು ಅದಕ್ಕಿಂತ ದೊಡ್ಡದು.

ಒಂದು ದಿನ ಕಲ್ಯಾಣನಗರದ ಕಡೆಯಿಂದ ಬರುವಾಗ ಹುಡುಗ ಜೊತೆಗಿದ್ದ. ಸಂಶೋಧಕ ಎಂ.ಎಂ. ಕಲಬುರ್ಗಿಯವರ ಮನೆ ಈ ಬಡಾವಣೆಯಲ್ಲೇ ಇತ್ತು ಎಂದೆ. ಅವನಿಗೆ ಗೊತ್ತಿತ್ತು, ಕಲಬುರ್ಗಿಯವರೂ ಸಿಂದಗಿ ತಾಲೂಕಿನವರೇ. ತಮ್ಮ ಸಂಶೋಧನ ಲೇಖನಗಳ ಸಂಪುಟ 'ಮಾರ್ಗ'ದಲ್ಲಿ ಬರೆದದ್ದಕ್ಕೆ 1989ರಲ್ಲಿ ಒತ್ತಡಕ್ಕೆ ಮಣಿದು ಮಾತು ಹಿಂತೆಗೆದುಕೊಳ್ಳಬೇಕಾಗಿ ಬಂದಿತ್ತು ಅವರಿಗೆ. ಸಂಶೋಧನೆ ಬಿಡಲಿಲ್ಲ, 2006ರಲ್ಲಿ ಅದೇ 'ಮಾರ್ಗ'ದ ನಾಲ್ಕನೆಯ ಸಂಪುಟಕ್ಕೆ ಅಕಾಡೆಮಿ ಪ್ರಶಸ್ತಿ ಬಂತು. 2015ರ ಆಗಸ್ಟ್ 30ರ ಬೆಳಿಗ್ಗೆ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ನಾನು ಇಷ್ಟು ಹೇಳಿ ಸುಮ್ಮನಾದೆ. ಹುಡುಗ ಒಂದೇ ಮಾತು ಹೇಳಿದ: 'ಸ್ವಂತ ವಿಚಾರ ಮಾಡಿದ್ರ ಏನಾಕ್ಕೈತಿ ಅನ್ನೂದು ನಮ್ಮ ತಾಲೂಕದಾಗ ಎಲ್ಲಾರಿಗೂ ಗೊತ್ತೈತ್ರಿ ಸರ.' ಮೋಟಿವೇಶನ್ ಕ್ಲಾಸಿನ ಕೋಟಿನವರು ಈ ಮಾತಿಗೆ ಏನು ಹೇಳುತ್ತಿದ್ದರೋ.

ಹಾಗಾದರೆ ಸಪ್ತಾಪುರದಲ್ಲಿ ಸ್ವಂತ ವಿಚಾರ ಸತ್ತೇ ಹೋಯಿತೇ ಎಂದರೆ, ಇಲ್ಲ. ಅದು ಏಳುವ ದಿನ ಒಂದಿದೆ. ಕೀ ಉತ್ತರ ಬಂದ ದಿನ.

2024ರ ಆಗಸ್ಟ್ 27ರಂದು 384 ಹುದ್ದೆಗಳಿಗೆ ಕೆಪಿಎಸ್‌ಸಿ ನಡೆಸಿದ ಕೆಎಎಸ್ ಪ್ರಿಲಿಮ್ಸಿನಲ್ಲಿ ಕನ್ನಡದ ಪ್ರಶ್ನೆಗಳು ಎಂಥ ತರ್ಜುಮೆಯಲ್ಲಿದ್ದವೆಂದರೆ, ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಪ್ರಶ್ನೆ ನೋಡಿ ಕನ್ನಡ ತಿಳಿದುಕೊಳ್ಳಬೇಕಾಯಿತು. ಗದ್ದಲವಾಗಿ ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಇಟ್ಟರು. ಅದರಲ್ಲೂ ತಪ್ಪುಗಳು. ಆಗ ನಮ್ಮ ಓಣಿ ನೋಡಬೇಕಿತ್ತು! ಕಾಲು ಅಂಕಕ್ಕೆ ಹೆದರಿ ಬಾಯಿ ಬಿಡದ ಹುಡುಗರು ಚಹಾದ ಅಂಗಡಿಯ ಮುಂದೆ ವಕೀಲರಾಗಿದ್ದರು. ಆಯೋಗ ಹೇಳಿದ ಉತ್ತರ ತಪ್ಪು ಎಂದು ತೋರಿಸಲು ಒಬ್ಬನ ಕೈಯಲ್ಲಿ ಶಾಲೆಯ ಪಠ್ಯಪುಸ್ತಕ, ಒಬ್ಬನ ಕೈಯಲ್ಲಿ ಗೆಜೆಟಿಯರಿನ ಝೆರಾಕ್ಸ್, ಒಬ್ಬಳ ಮೊಬೈಲಿನಲ್ಲಿ ಸರಕಾರದ್ದೇ ಸುತ್ತೋಲೆ. ಆಧಾರ ಎಲ್ಲಿ, ಪುಟ ಎಷ್ಟು, ಬರೆದವರು ಯಾರು, ಅವರಿಗೆ ಹೇಗೆ ಗೊತ್ತು? ನಾನು ಮೂವತ್ತು ವರ್ಷ ಕ್ಲಾಸಿನಲ್ಲಿ ಕೇಳಿ ಎಂದು ಬೇಡಿಕೊಂಡ ಪ್ರಶ್ನೆಗಳನ್ನು ಅವರು ಯಾರೂ ಹೇಳದೆ ಕೇಳುತ್ತಿದ್ದರು.

ನಮ್ಮ ಹುಡುಗನೂ ಎರಡು ಪುಸ್ತಕ ಹಿಡಿದು ಕೆಳಗಿಳಿದು ಬಂದ. ಚಾಲುಕ್ಯರ ಕಾಲದ ಒಂದು ಪ್ರಶ್ನೆ. 'ಒಂದ ಪುಸ್ತಕ ಒಂದ ಹೇಳ್ತೈತ್ರಿ, ಇನ್ನೊಂದ ಬ್ಯಾರೇನ ಹೇಳ್ತೈತ್ರಿ. ಖರೇ ಯಾವುದ್ರಿ?' ನನ್ನ ಕಪಾಟಿನ ಮೂರನೆಯ ಪುಸ್ತಕ ತೆಗೆದು ಕೊಟ್ಟೆ. ಅದು ಮೂರನೆಯದೇ ಹೇಳುತ್ತಿತ್ತು. ಅವನ ಮುಖ ಅರಳಿತು. ನಾಲ್ಕು ಆಪ್ಷನ್ನುಗಳಾಚೆಗೂ ಒಂದು ಉತ್ತರ ಇರಬಹುದು, ಬರೆದವರೂ ನಮ್ಮಂತೆ ಹುಡುಕುತ್ತ ಹೋದವರು, ಅವರೂ ತಪ್ಪಿರಬಹುದು ಎಂಬುದು ಅವನಿಗೆ ಆ ಹೊತ್ತು ಹೊಳೆದಂತೆ ಕಂಡಿತು. ಹಾಗಾದರೆ ಶಾಸನದಲ್ಲಿ ಏನಿದೆ ಎಂದು ಕೇಳಿದ. ಮಾತಾಡುತ್ತ ಮನೆ ಬಿಟ್ಟೆವು. ಕೆಸಿಡಿ ಸರ್ಕಲ್ ದಾಟಿತು, ಕೆರೆಯ ದಾರಿ ಬಂತು. ಅವನು ನನ್ನ ಮೂರು ವಾದಗಳನ್ನು ಮುರಿದ, ಒಂದನ್ನು ಒಪ್ಪಿಕೊಂಡ. ಕ್ಲಾಸು ತಪ್ಪಿದ್ದು ಅವನ ನೆನಪಿಗೆ ಬಂದದ್ದು ತಿರುಗಿ ಬರುವಾಗ.

ಅವನು ಆ ಪರೀಕ್ಷೆ ಪಾಸಾಗಲಿಲ್ಲ. ಮುಂದಿನ ನೋಟಿಫಿಕೇಶನ್ನಿಗೆ ಓದುತ್ತಿದ್ದಾನೆ. ಗೋಡೆಯ ಟೈಮ್‌ಟೇಬಲ್ಲೂ ಹಾಗೇ ಇದೆ, ಐದೂವರೆಯ ಕಾಲಂನಲ್ಲಿ ಈಗಲೂ ಮೆಂಟಲ್ ಎಬಿಲಿಟಿ. ಕೆಲವು ಸಂಜೆ ಮಾತ್ರ ಮೆಟ್ಟಿಲಿಳಿದು ಬಂದು, 'ಸರ, ನಿನ್ನೆ ನೀವು ಹೇಳಿದ್ದು ಸರಿ ಅನಸವಲ್ದ್ರಿ' ಎನ್ನುತ್ತಾನೆ. ಬಾಡಿಗೆ ಕೊಡುವುದು ತಡವಾದರೂ ನಾನು ತಗಾದೆ ಮಾಡದಿರುವುದಕ್ಕೆ ಇದೊಂದೇ ಕಾರಣ. ನಮ್ಮಾಕಿಗೆ ಇದು ಗೊತ್ತಿಲ್ಲ.

ಎದುರು ಮನೆ ಹುಡುಗಿಯರ ಪಿಜಿ. ಕೀ ಉತ್ತರದ ದಿನ ಅಲ್ಲಿಯವರೂ ಚಹಾದ ಅಂಗಡಿಯ ಮುಂದೆ ವಾದಕ್ಕೆ ನಿಂತಿದ್ದರು. ಏಳೂವರೆಗೆ ಗೇಟು ಹಾಕುವ ಹೊತ್ತಾಯಿತೆಂದು ಮಾಲೀಕರು ಕೂಗಿದಾಗ ಅರ್ಧ ಮಾತಿನಲ್ಲೇ ಒಳಗೆ ಹೋದರು. ಉಳಿದರ್ಧವನ್ನು ಟೆರೇಸಿನ ಮೇಲೆ ನಿಂತು, ಫೋನಿನ ಸ್ಪೀಕರ್ ಹಚ್ಚಿ, ಕೆಳಗಿನವರೊಡನೆ ಮುಂದುವರಿಸಿದರು. ಅವರೊಳಗೆ ಒಬ್ಬಳ ವಾದ ಎಲ್ಲರಿಗಿಂತ ಗಟ್ಟಿಯಾಗಿತ್ತು. ಗೆಜೆಟಿಯರ್ ಹಿಡಿದವನು ಅವಳಿಗೆ ಸೋತ.

ಆದ್ದರಿಂದ ಸಪ್ತಾಪುರ, ಶ್ರೀನಗರ, ಮಾಳಮಡ್ಡಿಯ ಮನೆ ಮಾಲೀಕರಲ್ಲಿ, ನಿಮ್ಮವನೇ ಆದ ನನ್ನದೊಂದು ವಿನಂತಿ. ಕೆಪಿಎಸ್‌ಸಿಯನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ, ತೊಗರಿಯ ಬೆಲೆಯೂ ನಮ್ಮ ಕೈಯಲ್ಲಿಲ್ಲ. ಗೇಟಿನ ಕೀಲಿ ನಮ್ಮ ಕೈಯಲ್ಲಿದೆ. ಹುಡುಗರಿಗೆ ಹತ್ತರವರೆಗೆ ತೆರೆದಿಡುವ ಗೇಟನ್ನು ಹುಡುಗಿಯರಿಗೂ ಅಷ್ಟೇ ಹೊತ್ತು ತೆರೆದಿಡಿ. ಅವರು ತಿರುಗಿ ಬರುವವರೆಗೆ ಯಾರಾದರೂ ಎಚ್ಚರಿರಬೇಕು ಎನ್ನುವುದಾದರೆ, ನಿದ್ದೆ ಬಾರದ ವಯಸ್ಸು ನನ್ನದು. ನಮ್ಮ ಓಣಿಯ ಪಾಳಿ ನಾನು ಕಾಯುತ್ತೇನೆ.